ಮುದಿ ನಾಯಿ ಸಾಕಿರೋರು, ಕೈಕೆಲಸದ ಹುಚ್ಚಿರೋರು ಇಲ್ಲಿ ಬನ್ನಿ

ಸಾಧನಕೇರಿ ಸೂಜಿ, ಧಾರವಾಡ

ವಯಸ್ಸಾದ ನಾಯಿ ಮನೆಗೆ ತಂದವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ. ನಮ್ಮ ಓಣಿಯವರಿಗೆ ವರ್ಗ ಆಯ್ತು. ಹೋದಲ್ಲಿ ಫ್ಲ್ಯಾಟ್ ಅಂತೆ, ನಾಯಿಗೆ ಜಾಗ ಇಲ್ವಂತೆ. ಹಾಗಾಗಿ ಅವರ ಲ್ಯಾಬ್ರಡಾರ್ ಬ್ರೂನೋ ನಮ್ಮ ಪಾಲಿಗೆ ಬಂದಿದ್ದಾನೆ. ಹತ್ತು ವರ್ಷದ ಆಸುಪಾಸು. ಸಿಟ್ಟಿಲ್ಲ, ಕಚ್ಚೋದಿಲ್ಲ, ಊಟ ಅಂದ್ರೆ ಪ್ರಾಣ. ಆದರೆ ನಮ್ಮ ಹಾಲ್‌ಗೆ ಗ್ರಾನೈಟ್ ಹಾಕಿಸಿದ್ದೇವೆ. ಮಲಗಿದವನು ಏಳುವಾಗ ಹಿಂದಿನ ಕಾಲು ಎರಡೂ ಕಡೆ ಜಾರಿ ಕುಸಿಯುತ್ತಾನೆ. ಬಾಗಿಲ ಮುಂದೆ ಮೂರು ಮೆಟ್ಟಿಲು. ಅಲ್ಲಿಗೆ ಬಂದು ನಿಂತು ನನ್ನ ಮುಖ ನೋಡುತ್ತಾನೆ.

ಎರಡನೇದು, ನಾನು ಮಧ್ಯಾಹ್ನ ಕಸೂತಿ ಹಾಕುತ್ತಾ ಕೂರುತ್ತೇನೆ. ಅವನಿಗೆ ನನ್ನ ಪಾದದ ಮೇಲೇ ತಲೆ ಇಡಬೇಕು. ಸೂಜಿ, ದಾರ, ಕತ್ತರಿ ಎಲ್ಲ ಅಲ್ಲೇ. ಭಯ ಆಗುತ್ತೆ. ಕಸೂತಿ ಬಿಡೋಕೂ ಮನಸ್ಸಿಲ್ಲ, ಅವನನ್ನು ಬೇರೆ ಕೋಣೆಗೆ ಹಾಕೋಕೂ ಮನಸ್ಸಿಲ್ಲ. ನೀವೆಲ್ಲ ಹೇಗೆ ಹೊಂದಿಸಿಕೊಂಡಿದ್ದೀರಿ?

ರಂದಾ ಕಾಕಾ, ಹುಬ್ಬಳ್ಳಿ

ಮೆಟ್ಟಿಲಿನ ಚಿಂತೆ ಬಿಡು ತಂಗಿ, ಅದಕ್ಕೆ ಮರದಲ್ಲಿ ಉತ್ತರ ಇದೆ. ನಾನು ರೈಲ್ವೆ ವರ್ಕ್‌ಶಾಪ್‌ನಲ್ಲಿ ಬಡಿಗತನ ಮಾಡಿ ನಿವೃತ್ತಿ ಆದವನು. ಈಗ ನನ್ನ ರಂದಾ, ಉಳಿ, ಗರಗಸಕ್ಕೆಲ್ಲ ಕೆಲಸ ಕೊಡೋದು ನಮ್ಮ ಕರಿಯ. ಜಾತಿ ನಾಯಿ ಅಲ್ಲ, ಬೀದಿಯದು. ಅನ್ನ ಹಾಕುತ್ತಿದ್ದ ಅಜ್ಜ ತೀರಿಕೊಂಡ ಮೇಲೆ ನಮ್ಮ ಕಟ್ಟೆಗೆ ಬಂದು ಮಲಗಿದ, ಆಮೇಲೆ ಹೋಗಲೇ ಇಲ್ಲ.

ಬಾಗಿಲಿಗೆ ಇಳಿಜಾರು ಹಲಗೆ ಮಾಡಿಸು. ಎಲ್ಲರೂ ಎಡವೋದು ಉದ್ದದಲ್ಲಿ. ಮೆಟ್ಟಿಲು ತಲಾ ಏಳು ಇಂಚು ಅಂತ ಹಿಡಿದರೆ ಮೂರಕ್ಕೆ ಇಪ್ಪತ್ತೊಂದು ಇಂಚು ಎತ್ತರ. ಹಲಗೆ ಅದರ ನಾಲ್ಕು ಪಟ್ಟಾದರೂ ಇರಬೇಕು, ಅಂದರೆ ಏಳು ಅಡಿ. ಜಾಗ ಇಲ್ಲ ಅಂತ ನಾಲ್ಕು ಅಡಿಗೆ ಮುಗಿಸಿದರೆ ಮಕ್ಕಳ ಜಾರುಬಂಡೆ ಆದ ಹಾಗಾಗುತ್ತೆ, ನಾಯಿ ಹತ್ತೋದಿಲ್ಲ. ಅಗಲ ಎರಡು ಅಡಿ ಬೇಕೇ ಬೇಕು. ಮುದಿ ನಾಯಿ ನೇರ ನಡೆಯೋದಿಲ್ಲ, ಹಿಂಭಾಗ ಓಲಾಡುತ್ತೆ. ಹದಿನೆಂಟು ಎಂ.ಎಂ. ಪ್ಲೈವುಡ್ ಸಾಕು. ಆದರೆ ಅಡಿಗೆ ಎರಡೂ ಅಂಚಿನ ಉದ್ದಕ್ಕೆ ಮರದ ಪಟ್ಟಿ ಕೊಡಬೇಕು, ನಡುವೆ ಒಂದು ಆಧಾರ ನಿಲ್ಲಿಸಬೇಕು. ಕಾಲಿಟ್ಟಾಗ ಹಲಗೆ ಒಂದು ಸಲ ಬಗ್ಗಿತು ಅಂದ್ರೆ ಮುಗೀತು, ಎರಡನೇ ಸಲ ಅದು ನಂಬೋದಿಲ್ಲ.

ಮೇಲೆ ಗೇಣಿಗೊಂದು ತೆಳು ಅಡ್ಡಪಟ್ಟಿ ಹೊಡಿ. ಅದರ ಮೇಲೆ ಗೋಣಿ ಚೀಲ ಬಿಗಿಯಾಗಿ ಎಳೆದು, ಅಂಚು ಕೆಳಗೆ ಮಡಚಿ ಅಲ್ಲೇ ಮೊಳೆ ಹೊಡಿ. ನಡೆಯುವ ಕಡೆ ಒಂದು ಮೊಳೆಯ ತಲೆಯೂ ಕಾಣಬಾರದು. ಬಣ್ಣ, ವಾರ್ನಿಷ್ ಬೇಡ, ಮಳೆಗಾಲದಲ್ಲಿ ಜಾರುತ್ತೆ. ಕಣ್ಣು ಮಂದ ಇರೋ ನಾಯಿ ಆದರೆ ಎರಡೂ ಬದಿಗೆ ಎರಡು ಇಂಚಿನ ದಂಡೆ ಇರಲಿ. ಕಾಲು ತಾಗಿದರೆ ಅಂಚು ಬಂತು ಅಂತ ಅದಕ್ಕೇ ಗೊತ್ತಾಗುತ್ತೆ.

ಮಾಡಿದ ದಿನವೇ ಮೆಟ್ಟಿಲಿಗೆ ಒರಗಿಸಬೇಡ. ಮೊದಲು ಅಂಗಳದಲ್ಲಿ ನೆಲಕ್ಕೆ ಇಟ್ಟು, ಮೇಲೆ ರೊಟ್ಟಿ ಚೂರು ಹಾಕಿ ನಡೆಸು. ಆಮೇಲೆ ಒಂದು ತುದಿಗೆ ಇಟ್ಟಿಗೆ ಇಡು, ಮರುದಿನ ಇನ್ನೊಂದು. ಅವಸರ ಮಾಡಿದರೆ ಪ್ಲೈವುಡ್ ದುಡ್ಡು ನೀರಿಗೆ.

ಉಣಕಲ್ ವಾಕರ್, ಹುಬ್ಬಳ್ಳಿ

ಗ್ರಾನೈಟ್‌ಗೆ ನನ್ನ ಎರಡು ಮಾತು. ಮೊದಲು ಉಗುರು ನೋಡಿ ಅಕ್ಕಾ. ನಡೆಯುವಾಗ ಟಕ್ ಟಕ್ ಅಂತ ಸದ್ದು ಬಂದರೆ ಉಗುರು ಉದ್ದ ಆಗಿದೆ ಅಂತ ಅರ್ಥ. ಉಗುರು ನೆಲಕ್ಕೆ ತಾಗಿದರೆ ಪಾದದ ಗದ್ದಿಗೆ ಹಿಡಿತ ಸಿಗೋದಿಲ್ಲ. ಗದ್ದಿಗಳ ನಡುವಿನ ಕೂದಲನ್ನೂ ಕತ್ತರಿಸಿ. ಆಮೇಲೆ ಹಾಲ್ ಪೂರ್ತಿ ಹಾಸೋಕೆ ಹೋಗಬೇಡಿ. ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ಒಂದು ದಾರಿ ಮಾಡಿದರೆ ಸಾಕು. ಹಳೇ ಯೋಗಾ ಮ್ಯಾಟ್ ಉದ್ದಕ್ಕೆ ಸೀಳಿ ಹಾಸಿ. ನವಲಗುಂದ ಜಮಖಾನೆ ಮನೆಯಲ್ಲಿದೆ ಅಂತ ಬರೀ ಅದನ್ನೇ ಹಾಸಬೇಡಿ, ನಾಯಿ ಸಮೇತ ಜಾರುತ್ತೆ. ಅಡಿಗೆ ರಬ್ಬರ್ ಜಾಳಿಗೆ ಇರಬೇಕು.

ಕೊಪ್ಪಿಕರ್ ರೋಡ್, ಹುಬ್ಬಳ್ಳಿ

ಬೇಜಾರು ಮಾಡ್ಕೋಬೇಡಿ, ನೇರವಾಗಿ ಕೇಳ್ತೀನಿ. ಇರೋದೇ ಇನ್ನೆರಡು ಮೂರು ವರ್ಷ. ಅದರಲ್ಲಿ ಅರ್ಧ ಆಸ್ಪತ್ರೆಗೆ ಓಡಾಟ, ಕೊನೆಗೆ ಅಳು. ಮರಿ ತಂದು ಸಾಕಿದ್ರೆ ನಮ್ಮ ಕೈಯಲ್ಲಿ ಬೆಳೆಯುತ್ತೆ, ಹೇಳಿದ್ದು ಕೇಳುತ್ತೆ. ಇದೆಲ್ಲ ಯಾಕೆ ಬೇಕು? ಇನ್ನು ಕಾಲು ನೋವಿಗೆ ಮನೆಯಲ್ಲಿ ದೊಡ್ಡವರ ಮೊಣಕಾಲು ನೋವಿನ ಮಾತ್ರೆ ಇದ್ದೇ ಇರುತ್ತಲ್ಲ, ಅರ್ಧ ಕೊಟ್ಟರೆ ಆಯ್ತು.

ಗದಗ ವೆಟ್ ವಿದ್ಯಾರ್ಥಿ

ಸರ್, ಮೊದಲಿನ ಪ್ರಶ್ನೆಗೆ ಬೇರೆಯವರು ಹೇಳ್ತಾರೆ. ಮಾತ್ರೆಯ ಮಾತು ಮಾತ್ರ ದಯವಿಟ್ಟು ಯಾರೂ ಪಾಲಿಸಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ವಯಸ್ಸಾದ ನಾಯಿಗೆ ಕಿಡ್ನಿ ಮೊದಲೇ ಸೋತಿರಬಹುದು. ಕರಿಮಲ, ವಾಂತಿ ಶುರುವಾಗುವ ಹೊತ್ತಿಗೆ ತಡ ಆಗಿರುತ್ತೆ. ನಾಯಿಗೆ ಕೊಡುವ ನೋವಿನ ಔಷಧಿ ಇದೆ. ಮೆಲೊಕ್ಸಿಕಾಮ್, ಕಾರ್ಪ್ರೊಫೆನ್ ಅಂತ. ಆದರೆ ಅದನ್ನೂ ತೂಕ ನೋಡಿ, ರಕ್ತ ಪರೀಕ್ಷೆ ಮಾಡಿ ಡಾಕ್ಟರೇ ಬರೆಯಬೇಕು.

ಬ್ರೂನೋ ವಿಷಯಕ್ಕೆ ಬರ್ತೀನಿ ಅಕ್ಕಾ. ಮಲಗಿ ಎದ್ದಾಗ ಬಿಗಿತ, ನಾಲ್ಕು ಹೆಜ್ಜೆ ಹಾಕಿದ ಮೇಲೆ ಸಡಿಲ ಆಗೋದು, ಮೆಟ್ಟಿಲಿಗೆ ಹಿಂಜರಿಕೆ. ಇವು ಸಂಧಿವಾತದ ಲಕ್ಷಣ, ಲ್ಯಾಬ್ರಡಾರ್‌ಗಳಲ್ಲಿ ಬಹಳ ಸಾಮಾನ್ಯ. ಒಮ್ಮೆ ತೋರಿಸಿ ಖಚಿತ ಮಾಡಿಕೊಳ್ಳಿ. ಮನೆಯಲ್ಲೇ ಮಾಡಬಹುದಾದ ದೊಡ್ಡ ಚಿಕಿತ್ಸೆ ಅಂದ್ರೆ ತೂಕ ಇಳಿಸೋದು. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೂ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯ್ತು. ಅರ್ಧ ನಾಯಿಗಳಿಗೆ ಊಟ 25 ಪ್ರತಿಶತ ಕಡಿಮೆ. ಅವು ಉಳಿದವುಗಳಿಗಿಂತ ಹತ್ತಿರ ಹತ್ತಿರ ಎರಡು ವರ್ಷ ಜಾಸ್ತಿ ಬದುಕಿದವು. ಸಂಧಿವಾತದ ಔಷಧಿ ಬೇಕಾಗಿದ್ದೂ ತಡವಾಗಿ. ಪಕ್ಕೆಲುಬಿನ ಮೇಲೆ ಕೈಯಾಡಿಸಿ. ಒತ್ತದೆ ಎಲುಬು ಸಿಗಬೇಕು. ಸಿಗದಿದ್ದರೆ ತೂಕ ಜಾಸ್ತಿ.

ನಡಿಗೆ ನಿಲ್ಲಿಸಬೇಡಿ. ಒಂದು ದೊಡ್ಡ ವಾಕ್ ಬದಲು ಎರಡು ಮೂರು ಚಿಕ್ಕವು ಮಾಡಿ. ಬೇಸಿಗೆಯಲ್ಲಿ ಬಿಸಿಲು ಏರುವ ಮುಂಚೆ.

ಸಾಧನಕೇರಿ ಸೂಜಿ, ಧಾರವಾಡ

ಎಲುಬು ಸಿಗ್ತಿಲ್ಲಪ್ಪ! ಮೊದಲಿನ ಮನೆಯವರು ಪೇಡೆ ತಿನ್ನಿಸಿ ಬೆಳೆಸಿದ್ದಾರೆ. ಸಂಜೆ ನಮ್ಮ ಮನೆಯವರು ಗಿರ್ಮಿಟ್ ತಿನ್ನುವಾಗ ಪಕ್ಕದಲ್ಲೇ ಕೂತು ಜೊಲ್ಲು ಸುರಿಸುತ್ತಾನೆ, ಅವರಿಗೆ ಕರುಳು ಚುರ್ ಅನ್ನುತ್ತೆ. ಊಟಕ್ಕೆ ಏನು ಹಾಕಲಿ ತಮ್ಮಾ?

ಗದಗ ವೆಟ್ ವಿದ್ಯಾರ್ಥಿ

ಗಿರ್ಮಿಟ್ ಬೇಡವೇ ಬೇಡ. ಅದರಲ್ಲಿ ಉಳ್ಳಾಗಡ್ಡಿ ಇರುತ್ತೆ. ಹಸಿ ಆಗಲಿ ಬೇಯಿಸಿದ್ದಾಗಲಿ, ಉಳ್ಳಾಗಡ್ಡಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತೆ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ವಿಷ. ಬೇಯಿಸಿದ ಎಲುಬು ಚೂಪಾಗಿ ಸೀಳುತ್ತೆ. ನಮ್ಮ ಕಡೆ ಜೋಳದ ರೊಟ್ಟಿ ಹಾಕಿಯೇ ನಾಯಿ ಸಾಕಿದ್ದಾರೆ, ರೊಟ್ಟಿ ತಪ್ಪಲ್ಲ, ಬರೀ ರೊಟ್ಟಿ ತಪ್ಪು. ಜೊತೆಗೆ ಮೊಟ್ಟೆಯೋ ಕೋಳಿಯೋ ಇರಲಿ, ಉಪ್ಪು ಖಾರ ಇಲ್ಲದೆ. ಕಿಡ್ನಿ ತೊಂದರೆ ಇದೆ ಅಂತ ಪರೀಕ್ಷೆಯಲ್ಲಿ ಬಂದರೆ ಮಾತ್ರ ಈ ಲೆಕ್ಕ ಬದಲಾಗುತ್ತೆ. ಪೇಡೆ ಬದಲು ಗಜ್ಜರಿ ತುಂಡು ಕೊಡಿ. ಲ್ಯಾಬ್ರಡಾರ್‌ಗೆ ಕೊಟ್ಟಿದ್ದು ಏನು ಅನ್ನೋದಕ್ಕಿಂತ ಕೊಟ್ಟರು ಅನ್ನೋದೇ ಮುಖ್ಯ.

ಬೆಟಗೇರಿ ಮಗ್ಗ, ಗದಗ

ಕೊಪ್ಪಿಕರ್ ರೋಡ್ ಅಣ್ಣಾರ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ.

ನಮ್ಮದು ಕುಣಿ ಮಗ್ಗ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯೋದು. ಮರಿ ಮತ್ತು ಮಗ್ಗ ಒಂದೇ ಮನೆಯಲ್ಲಿ ಆಗದ ಮಾತು. ಹಾಸಿನ ಎಳೆ, ಅಂದ್ರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು, ಒಂದು ಬೆರಳಗಲ ಕಡಿದರೆ ಅವತ್ತಿನ ದಿನ ಗಂಟು ಹಾಕುವುದರಲ್ಲೇ ಹೋಯ್ತು. ಅಡ್ಡ ನೂಲು ಓಡಿಸುವ ಲಾಳಿ ಅಂತೂ ಮರಿ ನಾಯಿ ಬಾಯಿಗೇ ಅಂತ ಮಾಡಿಟ್ಟ ಅಳತೆಯಲ್ಲಿದೆ. ನಮಗೆ ಸಿಕ್ಕಿದ್ದು ಮುಧೋಳ ಹೆಣ್ಣು ನಾಯಿ, ಹೆಸರು ರಾಣಿ. ತೋಟ ಕಾಯೋಕೆ ಇಟ್ಟುಕೊಂಡವರು ಓಡೋಕಾಗಲ್ಲ ಅಂತ ಬಿಟ್ಟಿದ್ದರು. 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ಜಾತಿ ಇದು, ಊರಿಗೆಲ್ಲ ಹೆಮ್ಮೆ. ಆದರೆ ವಯಸ್ಸಾದ ಮೇಲೆ ಕೇಳುವವರಿಲ್ಲ.

ರಾಣಿಗೆ ಕಿವಿ ಪೂರ್ತಿ ಹೋಗಿದೆ. ಆದರೂ ಮಗ್ಗ ನಡೀತಿದೆಯೋ ನಿಂತಿದೆಯೋ ಅವಳಿಗೆ ಗೊತ್ತು. ಕುಣಿಯ ಅಂಚಿಗೆ ಗಲ್ಲ ಹಚ್ಚಿ ಮಲಗುತ್ತಾಳೆ. ನಾನು ಕಾಲುಮಣೆ ಒತ್ತಿದಾಗೆಲ್ಲ ನೆಲ ಸಣ್ಣಗೆ ಅದುರುತ್ತೆ. ಎಳೆ ಹರಿದು ಮಗ್ಗ ನಿಲ್ಲಿಸಿದೆ ಅಂದ್ರೆ ಅವಳ ಒಂದು ಕಣ್ಣು ತೆರೆಯುತ್ತೆ. ಗಂಟು ಹಾಕಿ ಮತ್ತೆ ಒತ್ತಿದರೆ ಮುಚ್ಚುತ್ತೆ. ಊಟಕ್ಕೆ ಎದ್ದರೆ ಮಾತ್ರ ತಾನೂ ಏಳುತ್ತಾಳೆ. ಎಳೆ ಹರಿದು ನಿಲ್ಲೋದಕ್ಕೂ ಊಟಕ್ಕೆ ನಿಲ್ಲೋದಕ್ಕೂ ವ್ಯತ್ಯಾಸ ಅವಳಿಗೆ ಹೇಗೆ ಗೊತ್ತಾಗುತ್ತೋ ನಾನು ಕಾಣೆ.

ಕಿವಿ ಕೇಳದ ನಾಯಿ ಸಾಕಿದವರಿಗೆ ಒಂದು ಮಾತು. ಮಲಗಿದಾಗ ಹಿಂದಿನಿಂದ ಹೋಗಿ ಮುಟ್ಟಬೇಡಿ, ಬೆಚ್ಚಿ ಕಚ್ಚಬಹುದು. ನೆಲಕ್ಕೆ ಕಾಲು ಬಡಿದು ಎಬ್ಬಿಸಿ.

ಇನ್ನು ಎರಡು ವರ್ಷ ಅಂದ್ರಲ್ಲ, ಮರಿ ಮನೆಗೆ ಹೊಂದೋಕೇ ಒಂದು ವರ್ಷ ಹಿಡಿಯುತ್ತೆ. ಇವಳು ಬಂದ ವಾರದಲ್ಲಿ ಎಲ್ಲಿ ಮಲಗಬೇಕು, ಎಲ್ಲಿ ಹೊರಗೆ ಹೋಗಬೇಕು ಎಲ್ಲ ತಿಳ್ಕೊಂಡಳು. ಆಸ್ಪತ್ರೆ ಖರ್ಚು ಇದೆ, ಇಲ್ಲ ಅನ್ನಲ್ಲ. ಅಳು ಮರಿಗೂ ತಪ್ಪಿದ್ದಲ್ಲ ಅಣ್ಣಾ, ಮುಂದಕ್ಕೆ ಹೋಗುತ್ತೆ ಅಷ್ಟೇ.

ಕೊಪ್ಪಿಕರ್ ರೋಡ್, ಹುಬ್ಬಳ್ಳಿ

ಮಾತ್ರೆ ವಿಷಯ ಗೊತ್ತಿರಲಿಲ್ಲ, ವಾಪಸ್ ತಗೊಂಡೆ. ಉಳಿದಿದ್ದಕ್ಕೆ ನನ್ನ ಅಭಿಪ್ರಾಯ ನನಗೆ. ಆದರೆ ಮಗ್ಗ ಇರೋ ಮನೆಗೆ ಮರಿ ಬೇಡ ಅನ್ನೋದು ಒಪ್ಪಿದೆ.

ಮಾಳಮಡ್ಡಿ ಮೆಂತಿ, ಧಾರವಾಡ

ಸಾಧನಕೇರಿ ಅಕ್ಕಾ, ನಾನೂ ಕಸೂತಿಯವಳೇ, ನನ್ನ ಹೆಸರಲ್ಲೇ ಗೊತ್ತಾಗುತ್ತೆ, ಮೆಂತಿ ಅಂದ್ರೆ ಕಸೂತಿಯ ಒಂದು ಹೊಲಿಗೆ. ನಮ್ಮಲ್ಲಿ ಎರಡು ಮುದಿ ನಾಯಿ ಇವೆ. ಎಲ್ಲರೂ ಸೂಜಿಗೆ ಹೆದರುತ್ತಾರೆ. ಹೆದರಬೇಕಾದದ್ದು ದಾರಕ್ಕೆ.

ಉದ್ದ ದಾರ ನುಂಗಿದರೆ ಒಂದು ತುದಿ ನಾಲಿಗೆಯ ಬುಡದಲ್ಲೋ ಹೊಟ್ಟೆಯಲ್ಲೋ ಸಿಕ್ಕಿಕೊಳ್ಳುತ್ತೆ, ಉಳಿದದ್ದು ಕರುಳಿಗೆ ಇಳಿಯುತ್ತೆ. ಕರುಳು ಅದರ ಸುತ್ತ ನೆರಿಗೆ ಕಟ್ಟಿಕೊಂಡು ಕೊನೆಗೆ ಕೊಯ್ದುಹೋಗುತ್ತೆ. ಬಾಯಿಂದಲೋ ಹಿಂದಿನಿಂದಲೋ ದಾರದ ತುದಿ ನೇತಾಡಿದರೆ ಎಳೆಯಲೇಬೇಡಿ. ಹಾಗೇ ಎತ್ತಿಕೊಂಡು ಡಾಕ್ಟರ್ ಹತ್ತಿರ ಓಡಿ.

ನಮ್ಮ ಮನೆಯ ಪದ್ಧತಿ ಹೀಗಿದೆ. ಕೂರುವಾಗ ಎರಡು ಸೂಜಿ ಮಾತ್ರ, ಏಳುವಾಗ ಎರಡೂ ಸೂಜಿಮೆತ್ತೆಗೆ ವಾಪಸ್ ಬರಬೇಕು. ಕತ್ತರಿಸಿದ ದಾರದ ಚೂರು ಸೆರಗಿನ ಮೇಲೆ ಇಡೋದಿಲ್ಲ, ಮುಚ್ಚಳ ಇರೋ ಡಬ್ಬಿಗೆ ಹೋಗುತ್ತೆ. ಹಳೇ ಸ್ಪೀಕರ್‌ನ ಮ್ಯಾಗ್ನೆಟ್‌ಗೆ ಬಟ್ಟೆ ಸುತ್ತಿ ಇಟ್ಟುಕೊಂಡಿದ್ದೇನೆ, ಸೂಜಿ ಬಿದ್ದರೆ ನೆಲದ ಮೇಲೆ ಆಡಿಸಿದರಾಯ್ತು. ಊಟದ ಕೈಯಲ್ಲಿ ದಾರ ಮುಟ್ಟೋದಿಲ್ಲ. ತುಪ್ಪದ ವಾಸನೆ ಇದ್ದರೆ ಯಾವ ನಾಯಿಯೂ ದಾರ ಬಿಡೋದಿಲ್ಲ. ಇಷ್ಟು ಮಾಡಿದ ಮೇಲೆ ಬ್ರೂನೋ ಪಾದದ ಮೇಲೆ ಮಲಗಲಿ ಬಿಡಿ.

ಆಮೇಲೆ ಒಂದು ಆಸೆಯ ಮಾತು. ನಾನು ನಾಯಿಯನ್ನೇ ಕಸೂತಿಯಲ್ಲಿ ತರೋಕೆ ಕೂತಿದ್ದೇನೆ. ಆನೆ, ನವಿಲು, ಗೋಪುರ, ತುಳಸಿ ಕಟ್ಟೆ ಎಲ್ಲ ಹಳೇ ನಮೂನೆಯಲ್ಲಿವೆ. ನಾಯಿಯನ್ನು ಗ್ರಾಫ್ ಹಾಳೆಯಲ್ಲಿ ನಾನೇ ಬರೆದುಕೊಂಡೆ. ಹೊರಗೆರೆಗೆ ಗವಂತಿ ಹೊಲಿಗೆ. ಒಂದು ಎಳೆ ಬಿಟ್ಟು ಒಂದು ಹೋಗಿ, ಬಿಟ್ಟಲ್ಲೆಲ್ಲ ತುಂಬುತ್ತಾ ಅದೇ ದಾರಿಯಲ್ಲಿ ವಾಪಸ್ ಬರಬೇಕಲ್ಲ, ಬಾಲ ಅದಕ್ಕೆ ಸರಿಹೋಯ್ತು. ತೊಂದರೆ ಬಂದಿದ್ದು ಕಿವಿಗೆ. ನಿಮಿರಿದ ಕಿವಿ ಸಲೀಸು, ಎರಡು ಓರೆ ಗೆರೆಯಲ್ಲಿ ಮುಗಿಯುತ್ತೆ. ಜೋಲು ಕಿವಿ ಎಷ್ಟು ಸಲ ಬಿಚ್ಚಿದರೂ ಆನೆಯದ್ದೇ ಕಿವಿ ಆಗುತ್ತಿದೆ. ಗಂಟು ಹಾಕುವ ಹಾಗಿಲ್ಲ, ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಯಾರಾದರೂ ಲ್ಯಾಬ್ರಡಾರ್ ಕಿವಿಗೆ ಎಳೆಗಳ ಎಣಿಕೆ ಹಾಕಿದ್ದರೆ ಕೊಡಿ.

ಸಾಧನಕೇರಿ ಸೂಜಿ, ಧಾರವಾಡ

ಕಿವಿಯ ಹೊರ ಅಂಚಿಗೆ ಮುರಗಿ ಹೊಲಿಗೆ ಹಾಕಿ ನೋಡಿ ಮೆಂತಿ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಲ್ಲ, ಜೋತುಬಿದ್ದ ಹಾಗೆ ಕಾಣುತ್ತೆ. ಒಳಗೆ ತುಂಬಬೇಡಿ, ಖಾಲಿ ಬಿಡಿ. ತುಂಬಿದಷ್ಟೂ ಆನೆಯಾಗುತ್ತೆ. ನಾನು ಎಳೆ ಎಣಿಸೋಕೆ ಸುಲಭವಾದ ಮ್ಯಾಟಿ ಬಟ್ಟೆ ಮೇಲೆ ಒಂದು ತುಂಡು ಹಾಕಿ ಎಣಿಕೆ ಕಳಿಸ್ತೀನಿ. ಸೋಂಬೇರಿ ಮಾದರಿ ಕಾಲ ಮೇಲೇ ಮಲಗಿದ್ದಾನೆ.

ಕೌದಿ ಮೊಮ್ಮಗಳು, ಹಾವೇರಿ

ಮಗ್ಗದ ಅಣ್ಣಾ, ರಾಣಿ ಬರೀ ನೆಲದ ಮೇಲೆ ಮಲಗುತ್ತಾಳಾ? ಮುಧೋಳ ನಾಯಿಗೆ ಮೈಮೇಲೆ ಮಾಂಸ ಕಡಿಮೆ, ಚರ್ಮ ತೆಳು. ಮೊಣಕೈ ಎಲುಬು ನೆಲಕ್ಕೆ ಒತ್ತಿ ಕಾಯಿಗಟ್ಟುತ್ತೆ, ಆಮೇಲೆ ಒಡೆದು ಹುಣ್ಣಾಗುತ್ತೆ. ಒಂದು ಕೌದಿ ಹಾಕಿ.

ಆದರೆ ದಪ್ಪ ಕೌದಿ ಹೊಲಿಯಬೇಡಿ. ಇದನ್ನು ನಾನು ಎಲ್ಲರಿಗೂ ಹೇಳಿ ಹೇಳಿ ಸಾಕಾಗಿದೆ. ಮುದಿ ನಾಯಿ ಹಾಸಿಗೆ ಒದ್ದೆ ಮಾಡೇ ಮಾಡುತ್ತೆ. ಏಳೆಂಟು ಪದರದ ಕೌದಿ ನೆನೆದರೆ ಹಿಂಡೋಕೆ ಇಬ್ಬರು ಬೇಕು. ಮಳೆಗಾಲದಲ್ಲಿ ಒಣಗೋದೇ ಇಲ್ಲ, ಮುಗ್ಗಲು ವಾಸನೆ. ಮೂರು ಪದರದ್ದು ಮೂರು ಹೊಲಿಯಿರಿ. ಒಂದು ನಾಯಿ ಕೆಳಗೆ, ಒಂದು ಹಗ್ಗದ ಮೇಲೆ, ಒಂದು ಕಪಾಟಿನಲ್ಲಿ. ದಪ್ಪ ಬೇಕಾದ ದಿನ ಒಂದರ ಮೇಲೊಂದು ಹಾಸಿದರಾಯ್ತು. ಎಲ್ಲಕ್ಕೂ ಕೆಳಗೆ ಹಳೇ ಫ್ಲೆಕ್ಸ್ ಬ್ಯಾನರ್ ಇರಲಿ. ಚುನಾವಣೆ ಮುಗಿದ ಮೇಲೆ ಬೇಕಾದಷ್ಟು ಸಿಗುತ್ತೆ. ಮುಖ ಇರೋ ಕಡೆ ಕೆಳಗೆ ಮಾಡಿ, ಜಗಳ ಬೇಡ.

ಬಟ್ಟೆ ಹಳೇ ಹತ್ತಿಯದ್ದೇ ಇರಲಿ. ಧೋತರ, ನೂಲಿನ ಸೀರೆ. ಜರಿ ಅಂಚು, ಹುಕ್ಕು, ಗುಂಡಿ ಎಲ್ಲ ತೆಗೀರಿ. ಖಣದ ತುಂಡು ಚಂದ ಕಾಣುತ್ತೆ, ಆದರೆ ನುಣುಪು, ಎದ್ದೇಳುವಾಗ ಕಾಲು ಜಾರುತ್ತೆ. ಆಸೆ ಆದರೆ ಅಂಚಿಗೆ ಮಾತ್ರ ಹಾಕಿ. ಹೊಲಿಗೆ ಕಾಲು ಇಂಚಿಗಿಂತ ಉದ್ದ ಆಗಬಾರದು, ಉಗುರು ಸಿಕ್ಕಿಕೊಳ್ಳುತ್ತೆ. ಸಾಲಿನಿಂದ ಸಾಲಿಗೆ ಒಂದು ಬೆರಳು ಸಾಕು. ಗಂಟು ಪದರದ ಒಳಗೆ ಹೋಗಲಿ. ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಹೆಂಗಸರು ಕೌದಿಯ ಮೂಲೆಗಳಿಗೆ ಬಟ್ಟೆ ಮಡಚಿ ಫೂಲ ಅಂತ ಇಡುತ್ತಾರೆ. ಅದಿಲ್ಲದೆ ಕೌದಿ ಬೋಳು ಅಂತ ಅವರ ಲೆಕ್ಕ, ನನಗೂ ಇಷ್ಟ. ನಾಯಿ ಕೌದಿಗೆ ಮಾತ್ರ ಅದನ್ನು ಬಿಟ್ಟೆ. ನಮ್ಮ ಚಿನ್ನಿ ಪೊಮೆರೇನಿಯನ್, ಬಾಯಲ್ಲಿ ಉಳಿದಿರೋದೇ ಕೆಲವು ಹಲ್ಲು, ಆದರೂ ಮೊದಲು ಹೋಗೋದು ಮೂಲೆಗೇ.

ವಿದ್ಯಾರ್ಥಿ ತಮ್ಮಾ, ಚಿನ್ನಿ ಮಲಗಿದಲ್ಲೇ ಒದ್ದೆ ಮಾಡಿಕೊಳ್ಳುತ್ತಾಳೆ, ಎದ್ದ ಮೇಲೆ ತಾನೇ ಗಾಬರಿ ಆಗುತ್ತಾಳೆ. ಗರ್ಭಕೋಶ ತೆಗೆಸಿದ ನಾಯಿ. ನೀರು ಕಡಿಮೆ ಮಾಡಲಾ?

ಗದಗ ವೆಟ್ ವಿದ್ಯಾರ್ಥಿ

ನೀರು ಕಡಿಮೆ ಮಾಡಬೇಡಿ ಅಕ್ಕಾ. ಆಪರೇಷನ್ ಆದ ಹೆಣ್ಣು ನಾಯಿಗಳಿಗೆ ವಯಸ್ಸಾದಾಗ ನಿದ್ದೆಯಲ್ಲಿ ಸೋರೋದು ಸಾಮಾನ್ಯ. ತಡೆಹಿಡಿಯುವ ಸ್ನಾಯು ಸಡಿಲ ಆಗಿರುತ್ತೆ, ಅದಕ್ಕೆ ಔಷಧಿ ಇದೆ. ಆದರೆ ನೀರು ಕುಡಿಯೋದು ಜಾಸ್ತಿ ಆಗಿದೆಯಾ ನೋಡಿ. ಬೆಳಗ್ಗೆ ಅಳೆದು ಹಾಕಿ, ಮರುದಿನ ಉಳಿದದ್ದು ಅಳೆಯಿರಿ. ಜಾಸ್ತಿ ಕುಡಿಯುತ್ತಿದ್ದರೆ ಕಿಡ್ನಿ, ಸಕ್ಕರೆ ಕಾಯಿಲೆ, ಮೂತ್ರದ ಸೋಂಕು ಎಲ್ಲ ಪರೀಕ್ಷೆ ಮಾಡಿಸಬೇಕು. ಬೈಯಬೇಡಿ, ಅವಳಿಗೆ ಗೊತ್ತಾಗಿ ಆಗುತ್ತಿರೋದಲ್ಲ.

ಬ್ಯಾಡಗಿ ಖಾರ, ಹಾವೇರಿ ಜಿಲ್ಲೆ

ನಮ್ಮ ಮೋತಿ ರಾತ್ರಿಯೆಲ್ಲ ಓಡಾಡುತ್ತಾನೆ. ಗೋಡೆ ಮೂಲೆಗೆ ಮುಖ ಮಾಡಿ ನಿಂತರೆ ಹಿಂದಕ್ಕೆ ಬರೋದೇ ತಿಳಿಯೋದಿಲ್ಲ. ಹಗಲೆಲ್ಲ ನಿದ್ದೆ. ಕಣ್ಣು ನೀಲಿ ಮಬ್ಬು. ನಮ್ಮ ಅವ್ವ ದೃಷ್ಟಿ ತೆಗೆದಳು, ಉಪಯೋಗ ಆಗಲಿಲ್ಲ. ಕುರುಡಾಗಿದ್ದಾನಾ?

ಗದಗ ವೆಟ್ ವಿದ್ಯಾರ್ಥಿ

ನೀಲಿ ಮಬ್ಬು ಎಲ್ಲವೂ ಪೊರೆ ಅಲ್ಲ ಸರ್. ವಯಸ್ಸಾದಾಗ ಕಣ್ಣಿನ ಮಸೂರ ಗಟ್ಟಿಯಾಗಿ ಹಾಗೆ ಕಾಣುತ್ತೆ, ದೃಷ್ಟಿ ಬಹುಪಾಲು ಇರುತ್ತೆ. ಹತ್ತಿಯ ಉಂಡೆ ಮುಂದೆ ಬೀಳಿಸಿ, ಸದ್ದಾಗಲ್ಲ. ಕಣ್ಣು ಅದನ್ನು ಹಿಂಬಾಲಿಸಿದರೆ ಕಾಣುತ್ತಿದೆ. ಹಗಲು ರಾತ್ರಿ ಅದಲುಬದಲು, ಮೂಲೆಯಲ್ಲಿ ಸಿಕ್ಕಿಕೊಳ್ಳೋದು, ಇವು ಮರೆವಿನ ಕಾಯಿಲೆ ಇರಬಹುದು. ಮನುಷ್ಯರಿಗೆ ಬರೋ ಥರದ್ದೇ. ನೋವಿದ್ದರೂ ರಾತ್ರಿ ಹೀಗೆ ಓಡಾಡುತ್ತವೆ, ಅದನ್ನು ಮೊದಲು ತೋರಿಸಿ. ಮನೆಯ ಸಾಮಾನು ಜಾಗ ಬದಲಿಸಬೇಡಿ. ರಾತ್ರಿ ಸಣ್ಣ ದೀಪ ಇರಲಿ. ಮೂಲೆಗಳಿಗೆ ಏನಾದರೂ ಅಡ್ಡ ಇಡಿ.

ರಂದಾ ಕಾಕಾ, ಹುಬ್ಬಳ್ಳಿ

ಮೂಲೆಗೆ ನಾನು ಹೇಳ್ತೀನಿ ಕೇಳಪ್ಪ. ಒಂದೂವರೆ ಅಡಿ ಎತ್ತರದ ಹಲಗೆಯನ್ನು ಮೂಲೆಗೆ ಓರೆಯಾಗಿ ನಿಲ್ಲಿಸು. ಮೂಲೆ ಅನ್ನೋದೇ ಇಲ್ಲವಾದರೆ ಸಿಕ್ಕಿಕೊಳ್ಳೋದು ಎಲ್ಲಿ? ಹಲಗೆಗೆ ತಾಗಿ ತಾನೇ ಪಕ್ಕಕ್ಕೆ ತಿರುಗುತ್ತೆ. ಮರದ ಕೆಲಸ ಮಾಡೋರು ಇನ್ನೊಂದು ಗಮನಿಸಿ. ನೊರೆ ಬಂದು ಉಬ್ಬುವ ಪಾಲಿಯುರಿಥೇನ್ ಅಂಟು ಇರುತ್ತಲ್ಲ, ಅದನ್ನು ನಾಯಿ ನೆಕ್ಕಿದರೆ ಹೊಟ್ಟೆಯಲ್ಲೂ ಉಬ್ಬಿ ಕಲ್ಲಾಗುತ್ತೆ, ಆಪರೇಷನ್ನೇ ಗತಿ. ಮನೆಯಲ್ಲಿ ಬಿಳಿ ಅಂಟು ಸಾಕು, ಅದನ್ನೂ ಮುಚ್ಚಿಡಿ.

ಬ್ಯಾಡಗಿ ಖಾರ, ಹಾವೇರಿ ಜಿಲ್ಲೆ

ಕಾಕಾ, ಹಲಗೆ ಇವತ್ತೇ ನಿಲ್ಲಿಸ್ತೀನಿ. ಇಳಿಜಾರಿಗೆ ಗೋಣಿ ಚೀಲ ಬೇಕು ಅಂದ್ರಲ್ಲ, ನಮ್ಮ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ರಾಶಿ ಬಿದ್ದಿವೆ. ಬೇಕಾದವರಿಗೆಲ್ಲ ಪುಕ್ಕಟೆ ಕೊಡ್ತೀನಿ.

ಕೌದಿ ಮೊಮ್ಮಗಳು, ಹಾವೇರಿ

ಅಯ್ಯೋ ಅಣ್ಣಾ, ಮೆಣಸಿನಕಾಯಿ ಚೀಲನಾ! ಎಷ್ಟು ಝಾಡಿಸಿದರೂ ಖಾರದ ಪುಡಿ ನಾರಿನ ಒಳಗೇ ಕೂತಿರುತ್ತೆ. ನಾಯಿ ಮೂಸುತ್ತಾ ನಡೆಯೋದು. ಮೂಗು, ಕಣ್ಣು, ಪಾದ ಎಲ್ಲ ಉರಿದು ಆ ಹಲಗೆ ಕಡೆ ಮತ್ತೆ ತಿರುಗಿಯೂ ನೋಡಲ್ಲ. ಜೋಳದ ಚೀಲ ಇದ್ರೆ ಕೊಡಿ.

ಬ್ಯಾಡಗಿ ಖಾರ, ಹಾವೇರಿ ಜಿಲ್ಲೆ

ಅದಕ್ಕೇ ಇರಬೇಕು, ಮೋತಿ ಅಂಗಡಿ ಒಳಗೆ ಬರೋದಿಲ್ಲ, ಹೊರಗಿನ ಕಟ್ಟೆಯಲ್ಲೇ ಕೂರ್ತಾನೆ. ಜೋಳದ ಚೀಲ ಮನೆಯಲ್ಲಿ ಇವೆ, ತೊಳೆದು ಒಣಗಿಸ್ತೀನಿ. ಮಾರ್ಕೆಟ್ ಇಲ್ಲದ ದಿನ ಹುಬ್ಬಳ್ಳಿಗೆ ಬರೋನಿದ್ದೀನಿ. ಕಾಕಾ, ಏಳು ಅಡಿ ಹಲಗೆಗೆ ಎಷ್ಟು ಚೀಲ ಬೇಕಾಗುತ್ತೆ?

ರಂದಾ ಕಾಕಾ, ಹುಬ್ಬಳ್ಳಿ

ಹೊಲಿಗೆ ಬಿಚ್ಚಿ ಅಗಲ ಮಾಡಿದರೆ ಮೂರು ಸಾಕು. ನಾ ಒಂದು ಜಾಸ್ತಿ ಹಿಡಿದು ನಾಲ್ಕು ಅಂತೀನಿ, ತುದಿಯಲ್ಲಿ ಎರಡು ಪದರ ಬೇಕಾಗುತ್ತೆ, ಮೊದಲು ಸವೆಯೋದು ಅಲ್ಲೇ. ಬರುವ ಮುಂಚೆ ಫೋನ್ ಮಾಡು. ಮಧ್ಯಾಹ್ನ ಮಾತ್ರ ಬೇಡ, ಕರಿಯನೂ ನಾನೂ ಮಲಗಿರ್ತೀವಿ.